ಕಾಂತೇಶ ತೊಳೆದ ಇದ್ದಿಲು

ಕಾಂತೇಶನಿಗೆ ಸಿಟ್ಟು ಬರುವುದು ನಿಧಾನ. ಬಂದರೆ ಮಾತ್ರ, ಹಬ್ಬಕ್ಕೆ ಬಂದ ಬೀಗರ ಹಾಗೆ, ಹೊರಡುವ ಮಾತೇ ಎತ್ತುವುದಿಲ್ಲ. ತೆಲಂಗಾಣ ರಾಜ್ಯವಾದ ಮರುವರ್ಷ ಬಂದ ಸಿಟ್ಟು ಅಂಥದ್ದು.

ನಾರಾಯಣಪೇಟೆಯಲ್ಲಿ ಅವನ ಮನೆಯವರೆಲ್ಲ ಸೀರೆಯ ನೂಲಿಗೆ ಬಣ್ಣ ಹಾಕುವವರು. ಅವನೊಬ್ಬ ದಿನಾ ಬಸ್ಸು ಹತ್ತಿ ಮಕ್ತಲ್‌ನ ಇಂಜಿನಿಯರಿಂಗ್ ಕಾಲೇಜಿಗೆ ಲ್ಯಾಬ್ ಸಹಾಯಕನಾಗಿ ಹೋಗುತ್ತಿದ್ದ. ಪ್ರತಿ ಮಾರ್ಚಿಗೂ ಹೊಸದಾಗಿ ಆದೇಶ ಬಂದರಷ್ಟೇ ಉಳಿಯುವ ನೌಕರಿ. ಅಲ್ಲಿನ ಪ್ರೊಫೆಸರ್ ಮಾರ್ಕಂಡೇಯರಿಗೆ ಒಂದೇ ಧ್ಯಾನ: ಕಾಗದದ ಕಾರ್ಖಾನೆಯಲ್ಲಿ ಸೋಡಾ ಹಾಕಿ ಬಿದಿರು ಬೇಯಿಸಿದ ಮೇಲೆ ಉಳಿಯುವ ಕಪ್ಪು ದ್ರವ. ಅದನ್ನು ಬತ್ತಿಸಿ ಇದ್ದಿಲು ಮಾಡಿ, ಕಾದ ಕುಲುಮೆಯೊಳಗೆ ತಕ್ಕಡಿಗೆ ತೂಗುಹಾಕಿ ಇಂಗಾಲದ ಡೈಆಕ್ಸೈಡ್ ಹರಿಸಿದರೆ, ಇದ್ದಿಲು ಕರಗಿ ಉರಿಯುವ ಅನಿಲವಾಗುತ್ತದೆ. ನಿಮಿಷಕ್ಕೆ ಎಷ್ಟು ತೂಕ ಇಳಿಯಿತು, ಶಾಖ ಏರಿಸಿದರೆ ಆ ವೇಗ ಎಷ್ಟು ಏರಿತು ಎಂಬುದೇ ಸಂಶೋಧನೆ. ಚಿಂತನೆ ಪ್ರೊಫೆಸರರದು, ಆ ದ್ರವದ ಕೊಳೆತ ಮೊಟ್ಟೆಯ ವಾಸನೆ ಕಾಂತೇಶನದು. ಸಂಜೆಯ ಬಸ್ಸಿನಲ್ಲಿ ಅವನ ಪಕ್ಕದ ಸೀಟು ಸದಾ ಖಾಲಿ.

ಒಂದು ದಿನ ಒದ್ದೆ ಇದ್ದಿಲು ಬೆರಳಿಗೆ ಸಾಬೂನಿನಂತೆ ಜಾರಿತು. ಮನೆಯ ಬಣ್ಣದ ತೊಟ್ಟಿಯಲ್ಲೂ ಸೋಡಾ ಹೀಗೇ ಜಾರುತ್ತದೆ. ಜಾರು ಹೋಗುವ ತನಕ ನೂಲನ್ನು ಜಾಲಿಸದವನಿಗೆ ಅವ್ವ ಶೇಖಮ್ಮ ಊಟವನ್ನೇ ಬಡಿಸುವುದಿಲ್ಲ. ಕೈ ಸುಮ್ಮನಿರದೆ ಕಾಂತೇಶ ಕುದಿಯುವ ನೀರಿನಲ್ಲಿ ಇದ್ದಿಲನ್ನು ಒಂಬತ್ತು ಸಲ ತೊಳೆದು, ಒಣಗಿಸಿ, ಕುಲುಮೆಗೆ ಹಾಕಿದ. ಇಪ್ಪತ್ತು ನಿಮಿಷದಲ್ಲಿ ಮುಗಿಯಬೇಕಾದದ್ದು ಮಧ್ಯಾಹ್ನ ದಾಟಿದರೂ ಅರ್ಧವೂ ಕರಗಲಿಲ್ಲ.

“ಲೇ, ಇದು ಲ್ಯಾಬೋ ದೋಭಿಘಾಟೋ?” ಪ್ರೊಫೆಸರ್ ಕೂಗಿದರು. “ಸ್ಯಾಂಪಲ್ ಖರಾಬ್ ಮಾಡಿಟ್ಟಿ. ಚೆಲ್ಲು!”

ಕಾಂತೇಶ ಚೆಲ್ಲಲಿಲ್ಲ. ತೊಳೆದ ಇದ್ದಿಲಿಗೆ ಸೋಡಾ ನೀರು ಕುಡಿಸಿ ಮತ್ತೆ ತೂಗುಹಾಕಿದ. ಹಳೆಯ ವೇಗ ವಾಪಸು ಬಂತು.

“ಸರ, ಓಡಸೋದು ಸೋಡಾ ರೀ. ತೆಗದರ ನಿಲ್ತೈತಿ, ಹಾಕಿದರ ಓಡ್ತೈತಿ.”

ಪ್ರೊಫೆಸರ್ ಅಂದು ಬೈಯಲಿಲ್ಲ. ಕಾಂತೇಶ ಆಗಲೇ ಹೆದರಬೇಕಿತ್ತು.

ಆರು ತಿಂಗಳಿಗೆ ಗದ್ವಾಲದಲ್ಲಿ ವಿಚಾರಗೋಷ್ಠಿ. ಪರದೆಯ ಮೇಲೆ ಇಬ್ಬರ ಹೆಸರು: ಪ್ರೊಫೆಸರರದು, ಮತ್ತು ಕಪ್ಪು ದ್ರವದ ಡಬ್ಬಿಯ ಮುಚ್ಚಳವನ್ನೂ ತೆಗೆಯದ ಅವರ ಅಳಿಯ ಗೋಪಾಲನದು.

“ನನ್ನ ಹೆಸರು ರೀ?” ಪ್ರೊಜೆಕ್ಟರಿಗೆ ತಂತಿ ಜೋಡಿಸಿ ಮುಗಿಸಿದ ಕಾಂತೇಶ ಕೇಳಿದ.

“ತಂತಿ ಜೋಡಿಸಿದಾಂವನ ಹೆಸರೂ ಹಾಕ್ತಾರೇನಪ್ಪಾ?” ಅಂದರು ಪ್ರೊಫೆಸರ್.

ಕಾಂತೇಶ ಮಾರ್ಚ್ ತಿಂಗಳನ್ನು ನೆನೆದು ನುಂಗಿಕೊಂಡ. ಅವನ ಶೌರ್ಯವೆಲ್ಲ ಇಷ್ಟೇ.

ಭಾಷಣ ಮುಗಿದಾಗ, ಕಾರ್ಖಾನೆಯಿಂದ ಬಂದಿದ್ದ ಇಂಜಿನಿಯರ್ ಭುವನೇಶ್ವರಿ ಎದ್ದರು. “ನಮ್ಮ ಲ್ಯಾಬಿನಲ್ಲೂ ಮಾಡಿ ನೋಡ್ತೇವೆ. ಎಷ್ಟು ಸಲ ತೊಳೆದಿರಿ? ಎಂಥ ನೀರು?”

ಪ್ರೊಫೆಸರ್ ಸೂರು ನೋಡಿದರು. “ಮೂರು ಸಲ. ತಣ್ಣೀರು.”

ಆಕೆ ಬರೆದುಕೊಂಡರು. ಮೂರು ತಣ್ಣೀರಿಗೆ ಜಾರು ಹೋಗುವುದಿಲ್ಲ, ಸೋಡಾ ಒಳಗೇ ಕೂತಿರುತ್ತದೆ, ವೇಗ ತಾಳೆಯಾಗುವುದಿಲ್ಲ. ನಾಳೆ ಇಡೀ ಕೆಲಸವೇ ಸುಳ್ಳು ಅನ್ನುತ್ತಾರೆ. ಹೆಸರು ಕದ್ದದ್ದನ್ನು ನುಂಗಿದ ಗಂಟಲಿಗೆ ಇದು ಇಳಿಯಲಿಲ್ಲ.

“ಸುಳ್ಳ ರೀ ಅಮ್ಮಾ!” ಕಾಂತೇಶನ ದನಿ ಅವನಿಗೇ ಗಾಬರಿ ಹುಟ್ಟಿಸಿತು. “ಒಂಬತ್ತು ನೀರು. ಕುದಿಯೋ ನೀರು. ತೊಳದಾಂವ ನಾನು!”

“ಕೂರ್ಚೋರಾ!” ಪ್ರೊಫೆಸರ್ ತೆಲುಗಿನಲ್ಲಿ ಗುಡುಗಿದರು.

“ಕೂಡಂಗಿಲ್ಲ. ಒಂಬತ್ತು ನೀರು ಅಂತ ಬರದ ಚೀಟಿ ಹದಿನೈದು ದಿನ ನಿಮ್ಮ ಮೇಜಿನ ಮ್ಯಾಲಿತ್ತು. ಅದರ ಮ್ಯಾಲ ಚಹಾದ ಗ್ಲಾಸ್ ಇಡತಿದ್ರಿ!”

ಭುವನೇಶ್ವರಿ ಮೂರನ್ನು ಹೊಡೆದುಹಾಕಿ ಒಂಬತ್ತು ಬರೆದರು. ಅವನ ಫೋನ್ ನಂಬರನ್ನೂ ಕೇಳಿ ಪಡೆದರು.

ಮಾರ್ಚ್ ಬಂತು, ಆದೇಶ ಬರಲಿಲ್ಲ. ಕಾಂತೇಶ ಮನೆಯ ತೊಟ್ಟಿಯ ಮುಂದೆ ನೂಲು ಹಿಂಡುತ್ತಿದ್ದಾಗ ಫೋನು ಬಂತು.

“ಭುವನೇಶ್ವರಿ ಮಾತಾಡ್ತಿರೋದು. ನೀವು ಹೇಳಿದ ಹಾಗೇ ಮಾಡಿದೆವು, ವೇಗ ನಿಮ್ಮ ಅಂಕಿಗೆ ಸರಿಯಾಗಿ ಕೂತಿತು.”

“ಕೂಡಲೇಬೇಕಲ್ಲ ರೀ!” ಎಂದು ಕಾಂತೇಶ ಗದರಿದ. ಪಾಪ, ಅದರಲ್ಲಿ ಆಕೆಯ ತಪ್ಪೇನೂ ಇರಲಿಲ್ಲ.