ಡೌಟಮ್ಮ ಮತ್ತು ಮಾತ್ರೆ ಡಬ್ಬಿ

ಆಫೀಸಿನಲ್ಲಿ ಎಲ್ಲರೂ ಅವಳನ್ನು ಡೌಟಮ್ಮ ಎನ್ನುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಇಪ್ಪತ್ತೆರಡು ವರ್ಷದಿಂದ ಪ್ರೋಗ್ರಾಂ ಬರೆದೇ ಬದುಕುತ್ತಿದ್ದ ಈ ಹೆಂಗಸು ಕಂಪ್ಯೂಟರ್ ಹೇಳುವ ಒಂದು ಮಾತನ್ನೂ ಸುಮ್ಮನೆ ನಂಬುತ್ತಿರಲಿಲ್ಲ. ಫೈಲ್ ಸೇವ್ ಆಯಿತು ಎಂದು ಅದು ಹೇಳಿದರೆ ಫೈಲನ್ನು ಮುಚ್ಚಿ, ಮತ್ತೆ ತೆರೆದು, ಕೊನೆಯ ಸಾಲು ಇದೆಯೇ ಎಂದು ನೋಡುತ್ತಿದ್ದಳು. ‘ಇನ್ನು ಒಂದೇ ನಿಮಿಷ’ ಎಂದು ಬಂದರೆ ಕೈಗಡಿಯಾರ ನೋಡಿಕೊಳ್ಳುತ್ತಿದ್ದಳು. ಏಳು ನಿಮಿಷವಾದ ಮೇಲೆ, ತಾನು ಅಂದುಕೊಂಡಂತೆಯೇ ಆಯಿತು ಎಂಬ ಸಮಾಧಾನದಲ್ಲಿ ತಲೆಯಾಡಿಸುತ್ತಿದ್ದಳು. ಲ್ಯಾಪ್‌ಟಾಪಿನ ಕ್ಯಾಮೆರಾದ ಕಣ್ಣಿಗೆ ಗಾಯದ ಪಟ್ಟಿ ಅಂಟಿಸಿದ್ದಳು. ಫೋನಿಗೆ ಹಾಕಿಕೊಂಡ ಟಾರ್ಚಿನ ಆ್ಯಪ್ ಒಂದು ಅವಳ ಬಳಿಯಿರುವ ನಂಬರುಗಳನ್ನೆಲ್ಲ ನೋಡಲು ಅನುಮತಿ ಕೇಳಿದಾಗ, ದೀಪ ಹಚ್ಚುವುದಕ್ಕೆ ನನ್ನ ನೆಂಟರಿಷ್ಟರ ನಂಬರ್ ಯಾಕಂತೆ ಎಂದು ಇಡೀ ದಿನ ಗೊಣಗಿದ್ದಳು.

ಈ ಅನುಮಾನ ಹುಟ್ಟಿನಿಂದ ಬಂದದ್ದಲ್ಲ. ಮೊದಲ ಕೆಲಸದಲ್ಲಿ ಅವಳು ಒಂದು ಗ್ರಂಥಾಲಯಕ್ಕೆ ಪುಸ್ತಕಗಳ ಪಟ್ಟಿ ಮಾಡುವ ಪ್ರೋಗ್ರಾಂ ಬರೆದುಕೊಟ್ಟಿದ್ದಳು. ಒಂದೊಂದು ಪುಸ್ತಕದ ವಿವರ ತುಂಬಿದ ಮೇಲೂ ‘ದಾಖಲಾಯಿತು’ ಎಂದು ತೋರಿಸುವ ಸಾಲನ್ನು, ದಾಖಲಿಸುವ ಸಾಲಿಗಿಂತ ಮೊದಲೇ ಬರೆದುಬಿಟ್ಟಿದ್ದಳು. ಡಿಸ್ಕ್ ತುಂಬಿಹೋದದ್ದು ಯಾರಿಗೂ ತಿಳಿಯಲಿಲ್ಲ. ಗ್ರಂಥಪಾಲಕಿ ಹದಿನಾರು ದಿನ ಕೂತು ಟೈಪ್ ಮಾಡಿದ್ದೆಲ್ಲ ಗಾಳಿಗೆ ಹೋಯಿತು. ಆ ಹೆಂಗಸು ಬೈಯಲಿಲ್ಲ. ‘ದಾಖಲಾಯಿತು ಅಂತ ಅದೇ ಹೇಳ್ತಲ್ಲಮ್ಮ’ ಎಂದಷ್ಟೇ ಅಂದು, ಮೊದಲ ಕಪಾಟಿನ ಮುಂದೆ ಮತ್ತೆ ಕುರ್ಚಿ ಹಾಕಿಕೊಂಡಳು. ತೆರೆಯ ಮೇಲೆ ಬರುವ ಮಾತೆಲ್ಲ ತನ್ನಂಥವರೇ ಯಾರೋ ಅವಸರದಲ್ಲಿ ಬರೆದದ್ದು ಎಂಬ ತಿಳಿವಳಿಕೆ ಅಂದು ಬಂತು, ಮತ್ತೆ ಹೋಗಲಿಲ್ಲ.

ಈಗ ಅವಳಿದ್ದ ಆಫೀಸು ಕನ್ನಡಕದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ಒಟ್ಟು ಹನ್ನೊಂದು ಜನ. ಅವರು ಮಾಡುತ್ತಿದ್ದದ್ದು ಮಾತ್ರೆ ಡಬ್ಬಿ. ವಾರದ ಏಳು ದಿನಕ್ಕೆ ಏಳು ಗೂಡು, ಪ್ರತಿ ಗೂಡಿಗೂ ಒಂದು ಮುಚ್ಚಳ. ಬೆಳಿಗ್ಗೆ ಎಂಟಕ್ಕೆ ಆಫೀಸಿನ ಸರ್ವರ್‌ನಿಂದ ಡಬ್ಬಿಗೆ ಸೂಚನೆ ಹೋಗಿ ಗಂಟೆ ಬಾರಿಸುತ್ತದೆ. ವಯಸ್ಸಾದವರು ಆ ದಿನದ ಮುಚ್ಚಳ ತೆರೆದು ಮಾತ್ರೆ ತೆಗೆದುಕೊಂಡರೆ ಮನೆಯವರ ಫೋನಿನಲ್ಲಿ ಹಸಿರು ಟಿಕ್ ಬೀಳುತ್ತದೆ. ತೆರೆಯದಿದ್ದರೆ ಕೆಂಪು ಗುರುತು. ಆಗಲೇ ನಾನೂರ ಹನ್ನೆರಡು ಮನೆಗಳಲ್ಲಿ ಅದು ಕೂತಿತ್ತು. ಬಳಸಿ ನೋಡಲೆಂದು ಮಾಲೀಕರು ಕೆಲಸದವರಿಗೂ ಒಂದೊಂದು ಕೊಟ್ಟರು.

ಡೌಟಮ್ಮನ ಮನೆಯಲ್ಲಿ ಅದು ಅತ್ತೆಯ ಪಾಲಾಯಿತು. ಅತ್ತೆ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಗಂಟೆ ಬಾರಿಸಿದರೆ ಎರಡನೆಯದಕ್ಕೆ ಅವಕಾಶ ಕೊಡದೆ ಎದ್ದು ಬರುವ ಅಭ್ಯಾಸ. ಅವರಿಗೆ ರಕ್ತದೊತ್ತಡದ ಮಾತ್ರೆ, ದಿನಕ್ಕೊಂದು. ಡ್ರಾಯಿಂಗ್ ಮೇಷ್ಟರಾಗಿದ್ದ ಡೌಟಮ್ಮನ ಗಂಡ ಭಾನುವಾರ ಭಾನುವಾರ ಏಳು ಗೂಡಿಗೂ ಮಾತ್ರೆ ತುಂಬುತ್ತಿದ್ದ. ದಿನವೂ ಶಾಲೆಯಲ್ಲಿ ಮೊದಲ ಪೀರಿಯಡ್ಡಿಗೆ ಮುಂಚೆ ಫೋನ್ ತೆಗೆದು ಹಸಿರು ಟಿಕ್ ನೋಡಿ, ಅಮ್ಮನ ಮಾತ್ರೆ ಆಯಿತು ಎಂದು ನಿಶ್ಚಿಂತನಾಗುತ್ತಿದ್ದ. ನಿಮ್ಮ ಆಫೀಸಿನವರು ಇಷ್ಟು ವರ್ಷಕ್ಕೆ ಒಂದು ಉಪಯೋಗದ ವಸ್ತು ಮಾಡಿದರು ಎಂದು ಹೆಂಡತಿಯನ್ನು ಕೆಣಕುತ್ತಲೂ ಇದ್ದ.

ಎರಡು ತಿಂಗಳು ಹೀಗೆ ನಡೆಯಿತು. ಒಂದು ದಿನ ಡಾಕ್ಟರ್ ಬಳಿ ಹೋದಾಗ ಅತ್ತೆಯ ಒತ್ತಡ ಹಿಂದೆಂದೂ ಇಲ್ಲದಷ್ಟು ಏರಿತ್ತು. ಮಾತ್ರೆ ಸರಿಯಾಗಿ ತಗೋತಿದ್ದಾರಾ ಎಂದು ಡಾಕ್ಟರ್ ಕೇಳಿದರು. ಗಂಡ ಫೋನ್ ತೆಗೆದು ಎರಡು ತಿಂಗಳ ಪಟ್ಟಿ ತೋರಿಸಿದ. ಮೇಲಿಂದ ಕೆಳಗಿನವರೆಗೆ ಹಸಿರೋ ಹಸಿರು, ಒಂದು ದಿನವೂ ತಪ್ಪಿರಲಿಲ್ಲ. ಹಾಗಾದರೆ ಈ ಮಾತ್ರೆ ಸಾಲುತ್ತಿಲ್ಲ ಎಂದುಕೊಂಡ ಡಾಕ್ಟರ್ ಅದರ ಎರಡರಷ್ಟು ಬಲದ್ದನ್ನು ಬರೆದುಕೊಟ್ಟರು.

ದಾರಿಯುದ್ದಕ್ಕೂ ಡೌಟಮ್ಮನ ತಲೆಯಲ್ಲಿ ಆ ಪಟ್ಟಿಯೇ ಕೊರೆಯುತ್ತಿತ್ತು. ಅರವತ್ತು ದಿನದಲ್ಲಿ ಮನುಷ್ಯರಾದವರು ಒಂದು ದಿನ ಮರೆಯುತ್ತಾರೆ, ಒಂದು ದಿನ ತಡಮಾಡುತ್ತಾರೆ. ಇಷ್ಟು ಚೊಕ್ಕವಾದ ಪಟ್ಟಿಯ ಹಿಂದೆ ಯಾರೋ ಏನೋ ಮಾಡುತ್ತಿರಲೇಬೇಕು. ಯಾರು? ಡಬ್ಬಿಗೆ ಗೊತ್ತಾಗುವುದು ಮುಚ್ಚಳ ತೆರೆದದ್ದು ಮಾತ್ರ. ಮುಚ್ಚಳ ತೆರೆದು, ಮಾತ್ರೆ ತೆಗೆದು, ಬಾಯಿಗೆ ಹಾಕದೆ ಎಲ್ಲೋ ಇಟ್ಟರೆ? ಮಾತ್ರೆ ತಿಂದರೆ ನಾಲಿಗೆಯೆಲ್ಲ ಒಣಗುತ್ತದೆ ಎಂದು ಅತ್ತೆ ಹಿಂದೊಮ್ಮೆ ದೂರಿದ್ದು ನೆನಪಾಯಿತು. ಅಷ್ಟು ಸಾಕಾಯಿತು ಅವಳಿಗೆ.

ಮನೆಗೆ ಬಂದವಳು, ಅತ್ತೆ ಸ್ನಾನಕ್ಕೆ ಹೋಗುವುದನ್ನೇ ಕಾದು ಅವರ ಕೋಣೆಗೆ ನುಗ್ಗಿದಳು. ಕಿಟಕಿಯ ಹೂಕುಂಡದ ಮಣ್ಣು ಕೆದಕಿದಳು. ಹಾಸಿಗೆ ಎತ್ತಿ ನೋಡಿದಳು. ಹಳೆಯ ಪರ್ಸಿನ ಜಿಪ್ ಎಳೆದಳು. ದಿಂಬಿನ ಚೀಲದೊಳಗೆ ಕೈ ಹಾಕಿ ತಡಕಾಡುತ್ತಿದ್ದಾಗ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಮರೆತ ಟವೆಲ್ ತೆಗೆದುಕೊಂಡು ಹೋಗಲು ಬಂದಿದ್ದರು.

“ನನ್ನ ದಿಂಬಲ್ಲಿ ಏನಮ್ಮ ಹುಡುಕ್ತಿದ್ದೀಯ?”

ಸುಳ್ಳು ಹೇಳುವುದು ಅವಳಿಗೆ ಬರುತ್ತಿರಲಿಲ್ಲ. ಮಾತ್ರೆ ಎಂದಳು. ಅತ್ತೆಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಅವರ ಮುಖ ಗಟ್ಟಿಯಾಯಿತು.

“ನನ್ನನ್ನೇ ಕೇಳಬಹುದಿತ್ತಲ್ಲ.”

ಅವಳು ಹಾಸಿಗೆಯ ತುದಿಯಲ್ಲಿ ಕೂತು, ಹಾಗಾದರೆ ಈಗ ಕೇಳುತ್ತೇನೆ, ದಿನಾ ತಗೋತಿದ್ದೀರಾ ಎಂದಳು. ಗಂಟೆ ಬಾರಿಸಿದ ದಿನವೆಲ್ಲ ತೆಗೆದುಕೊಂಡಿದ್ದೇನೆ ಎಂದರು ಅತ್ತೆ.

“ಬಾರಿಸಿದ ದಿನ ಅಂದ್ರೆ? ಬಾರಿಸದೇ ಇರೋ ದಿನಾನೂ ಇದೆಯಾ?”

“ಇದೆಯಲ್ಲ. ವಾರದಲ್ಲಿ ಎರಡು ದಿನ, ಕೆಲವು ಸಲ ಮೂರು ದಿನ. ಅವತ್ತು ಬೇಡ ಅಂತಲೇ ಇರಬೇಕು ಅಂದ್ಕೊಂಡೆ. ನೀನು ಮಾಡಿದ ಡಬ್ಬಿ ಅಲ್ವಾ, ಅದಕ್ಕೆ ಗೊತ್ತಿರತ್ತೆ ಅಂತ ಸುಮ್ನಿದ್ದೆ.”

ಈ ಮಾತು ಕೇಳಿ ಅವಳು ದಿಂಬನ್ನು ಮತ್ತೆ ಅದರ ಜಾಗದಲ್ಲಿಟ್ಟಳು. ಆದರೂ ಅನುಮಾನ ಪೂರ್ತಿ ಬಿಡಲಿಲ್ಲ. ಸಿಕ್ಕಿಬಿದ್ದವರು ಹೇಳುವ ನೆಪವೂ ಹೀಗೇ ಇರಬಹುದಲ್ಲವೇ? ಹೊಸ ಮಾತ್ರೆ ತರಲು ಹೋಗಿದ್ದ ಗಂಡ ಬಂದ ತಕ್ಷಣ, ಭಾನುವಾರ ತುಂಬುವಾಗ ಗೂಡುಗಳಲ್ಲಿ ಮಾತ್ರೆ ಉಳಿದಿರುತ್ತಿತ್ತೇ ಎಂದು ಕೇಳಿದಳು. ಅವನು ಸ್ವಲ್ಪ ಯೋಚಿಸಿ, ಹೌದು, ಒಂದೆರಡು ಇರುತ್ತಿತ್ತು ಎಂದ. ಮತ್ತೆ ಹೇಳಲೇ ಇಲ್ಲವಲ್ಲ ಎಂದರೆ, ಹೇಳುವುದೇನು, ಟಿಕ್ ಬಿದ್ದಿತ್ತಲ್ಲ, ಹಿಂದಿನ ವಾರ ನಾನೇ ಕಣ್ತಪ್ಪಿ ಎರಡೆರಡು ಹಾಕಿರಬೇಕು ಅಂದುಕೊಂಡೆ ಎಂದ. ಮಾತ್ರೆ ಕಣ್ಣೆದುರಿಗೇ ಇದ್ದರೂ ಅವನು ನಂಬಿದ್ದು ಫೋನನ್ನು.

ಅವಳು ಅವನ ಫೋನ್ ಕಿತ್ತುಕೊಂಡು ಪಟ್ಟಿಯನ್ನು ಒಂದೊಂದೇ ದಿನವಾಗಿ ನೋಡತೊಡಗಿದಳು. ಮೂರು ವಾರದ ಹಿಂದಿನ ಮಂಗಳವಾರಕ್ಕೆ ಬಂದಾಗ ಬೆರಳು ನಿಂತಿತು. ಅಂದು ಅವಳು ಅತ್ತೆಯನ್ನು ಕಣ್ಣಿನ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದಳು. ಏಳೂವರೆಗೆ ಮನೆ ಬಿಟ್ಟಿದ್ದರು, ಗಂಡ ಅದಕ್ಕೂ ಮುಂಚೆ ಶಾಲೆಗೆ ಹೋಗಿಯಾಗಿತ್ತು, ಬೀಗದ ಕೈ ಅವಳ ಚೀಲದಲ್ಲೇ ಇತ್ತು. ಎಂಟು ಗಂಟೆ ನಾಲ್ಕು ನಿಮಿಷಕ್ಕೆ ಹಸಿರು ಟಿಕ್ ಬಿದ್ದಿತ್ತು. ಖಾಲಿ ಮನೆಯಲ್ಲಿ ಮಾತ್ರೆ ನುಂಗಿದವರು ಯಾರು? ಅವಳು ಹಿಂದಿನ ದಿನವನ್ನು ನೋಡಿದಳು. ಸೋಮವಾರವೂ ಎಂಟು ಗಂಟೆ ನಾಲ್ಕು ನಿಮಿಷ. ಸೆಕೆಂಡೂ ಒಂದೇ.

ಮಾರನೆಯ ಬೆಳಿಗ್ಗೆ ಹೊಸ ಮಾತ್ರೆ ಕೊಡುವ ಮುಂಚೆ ಡಾಕ್ಟರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದಳು. ಅವರು, ಹಳೆಯದನ್ನೇ ದಿನವೂ ಕೊಡಿ, ಹತ್ತು ದಿನ ಬಿಟ್ಟು ಕರೆದುಕೊಂಡು ಬನ್ನಿ ಎಂದರು. ಅವಳು ಆಫೀಸಿಗೆ ಹೋಗಿ ಯಾರೊಂದಿಗೂ ಮಾತಾಡದೆ ಪ್ರೋಗ್ರಾಮನ್ನು ಮೊದಲಿಂದ ಓದಲು ಕೂತಳು.

ಮಧ್ಯಾಹ್ನದ ಹೊತ್ತಿಗೆ ಅದು ಸಿಕ್ಕಿತು. ಡಬ್ಬಿಗೆ ವೈಫೈ ಸಿಗದ ದಿನ ಸರ್ವರಿನ ಸೂಚನೆ ತಲುಪುವುದಿಲ್ಲ, ಗಂಟೆ ಬಾರಿಸುವುದಿಲ್ಲ. ಡಬ್ಬಿಯಿಂದ ಸುದ್ದಿಯೇ ಬಾರದಿದ್ದರೆ ಕೆಂಪೂ ಬೀಳಬಾರದು, ಹಸಿರೂ ಬೀಳಬಾರದು. ಆದರೆ ಅಲ್ಲಿ ಆರೇ ಸಾಲಿನ ಒಂದು ತುಂಡು ಇತ್ತು: ಸುದ್ದಿ ಬಾರದಿದ್ದರೆ ಹಿಂದಿನ ದಿನದ್ದನ್ನು ಹಾಗೇ ನಕಲು ಮಾಡು. ಅತ್ತೆಯ ಡಬ್ಬಿ ಇದ್ದದ್ದು ಕಬ್ಬಿಣದ ಬೀರುವಿನ ಪಕ್ಕದ ಗೋಡೆಯ ಗೂಡಿನಲ್ಲಿ. ಬೀರುವಿನ ಬಾಗಿಲು ತೆರೆದಿಟ್ಟ ದಿನ ಕಬ್ಬಿಣ ಅಡ್ಡಬಂದು ವೈಫೈ ಅಲ್ಲಿಗೆ ಮುಟ್ಟುತ್ತಿರಲಿಲ್ಲ.

ಇದನ್ನು ಯಾರು ಬರೆದರು? ಮಾಲೀಕರ ಮೇಲೆ ಅವಳಿಗೆ ಮೊದಲಿಂದಲೂ ಒಂದು ಕಣ್ಣಿತ್ತು. ಪಕ್ಕದ ಮೇಜಿನ ಗಡಿಬಿಡಿ ಎಂಬ ಅಡ್ಡಹೆಸರಿನ ಪ್ರೋಗ್ರಾಮರ್ ಮೇಲೂ ಇತ್ತು. ಯಾವ ಸಾಲನ್ನು ಯಾರು, ಯಾವಾಗ ಸೇರಿಸಿದರು ಎಂಬ ದಾಖಲೆ ತೆಗೆದಳು. ಬರೆದವನು ಗಡಿಬಿಡಿ. ಜೊತೆಗೆ ಅವನ ಟಿಪ್ಪಣಿ: ಗಿರಾಕಿಗಳಿಗೆ ಡಬ್ಬಿ ತೋರಿಸುವ ಪ್ರದರ್ಶನದ ದಿನಕ್ಕೆ ಮಾತ್ರ, ಆಮೇಲೆ ತೆಗೆಯುವುದು. ಅದರ ಕೆಳಗೆ, ಓದಿ ಒಪ್ಪಿದವರು ಎಂಬಲ್ಲಿ, ಅವಳದೇ ಹೆಸರು.

ಅವಳಿಗೆ ಮೊದಲು ಬಂದದ್ದು ತನ್ನ ಹೆಸರನ್ನು ಯಾರೋ ಬಳಸಿಕೊಂಡಿರಬೇಕು ಎಂಬ ಸಂಶಯ. ತಾರೀಕು ನೋಡಿದಳು. ಪ್ರದರ್ಶನದ ಹಿಂದಿನ ದಿನ. ಅಂದು ಗಡಿಬಿಡಿ ಎದ್ದು ಬಂದು, ಅಕ್ಕಾ ಸಣ್ಣದೊಂದಿದೆ, ಒಂದು ಓಕೆ ಒತ್ತಿಬಿಡಿ ಅಂದಿದ್ದು, ತಾನು ಇನ್ನೇನೋ ಓದುತ್ತಲೇ ಒತ್ತಿದ್ದು, ಎಲ್ಲ ನಿಧಾನವಾಗಿ ನೆನಪಿಗೆ ಬಂತು. ಟಾರ್ಚನ್ನೂ ನಂಬದವಳು ಆ ಆರು ಸಾಲನ್ನು ಓದಿರಲಿಲ್ಲ.

ಮಾಲೀಕರ ಕೋಣೆಗೆ ಹೋಗಿ ಎಲ್ಲ ಹೇಳಿದಳು, ತನ್ನ ಹೆಸರನ್ನೂ ಸೇರಿಸಿ. ಅವರು ತಪ್ಪನ್ನು ಅಲ್ಲಗಳೆಯಲಿಲ್ಲ. ಆ ಸಾಲುಗಳನ್ನು ಇವತ್ತೇ ತೆಗೆಯಿರಿ, ಮುಂದಿನ ಅಪ್‌ಡೇಟಿನಲ್ಲಿ ಹೋಗಲಿ, ಸುಮ್ಮನೆ ಜನರನ್ನು ಹೆದರಿಸುವುದು ಬೇಡ ಎಂದರು. ಅವರ ದನಿ ತೀರಾ ಮೆತ್ತಗಿತ್ತು; ಮೆತ್ತನೆಯ ದನಿಯನ್ನು ಅವಳು ನಂಬುತ್ತಿರಲಿಲ್ಲ.

“ಸರ್, ನಮ್ಮತ್ತೆಗೆ ಎರಡರಷ್ಟು ಮಾತ್ರೆ ಬರೆದಿದ್ರು. ನಮ್ಮ ಪಟ್ಟಿ ನೋಡಿ ಬರೆದದ್ದು. ಇನ್ನು ಆ ನಾನೂರ ಹನ್ನೆರಡು ಮನೇಲಿ ಏನಾಗಿದೆಯೋ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ.”

ಯೋಚಿಸೋಣ ಎಂದರು ಮಾಲೀಕರು. ಯೋಚಿಸೋಣ ಎಂದರೆ ಏನೆಂದು ಅವಳಿಗೆ ಗೊತ್ತಿತ್ತು. ತನ್ನ ಮೇಜಿಗೆ ಬಂದು ಗಿರಾಕಿಗಳ ಪಟ್ಟಿ ತೆರೆದು ಮೊದಲ ನಂಬರಿಗೆ ಫೋನ್ ಮಾಡಿದಳು. ನಮ್ಮ ಡಬ್ಬಿ ಕೆಲವು ದಿನ ಸುಳ್ಳು ಹೇಳಿದೆ, ಗೂಡಿನಲ್ಲಿ ಮಾತ್ರೆ ಉಳಿದಿದೆಯೇ ನೋಡಿ, ಡಾಕ್ಟರಿಗೆ ತಿಳಿಸಿ ಎಂದಳು. ಆಮೇಲೆ ಎರಡನೆಯ ನಂಬರು. ಮೂರನೆಯ ಮನೆಯವರು ಬಾಯಿಗೆ ಬಂದದ್ದು ಬೈದರು. ಏಳನೆಯ ಮನೆಯವಳು, ಗಂಟೆ ಬಾರಿಸಲಿಲ್ಲ ಎಂದ ನಮ್ಮ ತಾಯಿಯನ್ನು ಸುಳ್ಳುಗಾತಿ ಅಂದುಬಿಟ್ಟೆವಲ್ಲ ಎಂದು ಅತ್ತಳು. ಗಡಿಬಿಡಿ ಅಷ್ಟು ಹೊತ್ತೂ ತಲೆ ತಗ್ಗಿಸಿ ಕೂತಿದ್ದವನು ಕುರ್ಚಿ ಎಳೆದುಕೊಂಡು ಬಂದು, ಕೊನೆಯಿಂದ ನಾನು ಮಾಡ್ತೀನಿ ಅಕ್ಕ ಎಂದ. ಮಾಲೀಕರು ಬಾಗಿಲಲ್ಲಿ ನಿಂತು ನೋಡಿದರು. ಕೆಲಸದಿಂದ ತೆಗೆಯುತ್ತಾರೆ ಎಂದು ಅವಳು ಕಾದಳು. ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಹೊರಬಂದು, ಡಬ್ಬಿಯನ್ನು ಶಿಫಾರಸು ಮಾಡಿದ ಆಸ್ಪತ್ರೆಗಳಿಗೆ ನಾನೇ ಹೇಳುತ್ತೇನೆ ಎಂದರು. ಮನಸ್ಸು ಬದಲಾಯಿತೋ, ಮುಚ್ಚಿಡುವುದು ಇನ್ನು ಆಗದು ಎಂದು ಲೆಕ್ಕ ಹಾಕಿದರೋ, ಅವಳು ಇಂದಿಗೂ ತೀರ್ಮಾನಿಸಿಲ್ಲ.

ಫೋನುಗಳು ಮುಗಿಯಲು ನಾಲ್ಕು ದಿನ ಹಿಡಿಯಿತು. ನೂರಕ್ಕೂ ಹೆಚ್ಚು ಮನೆಯವರು ಡಬ್ಬಿ ವಾಪಸು ಕಳಿಸಿದರು. ಮುದುಕರೊಬ್ಬರು ಬಲ ಹೆಚ್ಚಿದ ಮಾತ್ರೆಯಿಂದ ತಲೆಸುತ್ತಿ ಬಿದ್ದು ಕೈಮುರಿದುಕೊಂಡಿದ್ದರು ಎಂದು ತಿಳಿದ ದಿನ ಅವಳಿಗೆ ಊಟ ಸೇರಲಿಲ್ಲ. ಅವರ ಮನೆಗೆ ಹೋಗಿ ಬಂದಳು. ಅಲ್ಲಿ ಏನು ಮಾತಾಯಿತೆಂದು ಯಾರಿಗೂ ಹೇಳಲಿಲ್ಲ.

ಹತ್ತು ದಿನಕ್ಕೆ ಅತ್ತೆಯ ಒತ್ತಡ ಹಳೆಯ ಮಾತ್ರೆಯಲ್ಲೇ ಇಳಿಯಿತು. ಅತ್ತೆ ಮಾತು ಬಿಡಲಿಲ್ಲ, ಮುಖ ತಿರುಗಿಸಲೂ ಇಲ್ಲ. ಆದರೆ ಕೋಣೆಯಿಂದ ಹೊರಗೆ ಹೋಗುವಾಗ ಬಾಗಿಲು ಎಳೆದುಕೊಂಡು ಹೋಗತೊಡಗಿದರು. ಒಂದು ದಿನ ಅವಳು ನೇರವಾಗಿ, ಅತ್ತೆ, ತಪ್ಪಾಯಿತು ಎಂದಳು. ತರಕಾರಿ ಹೆಚ್ಚುತ್ತಿದ್ದ ಅತ್ತೆ ತಲೆ ಎತ್ತದೆ ಹೇಳಿದರು:

“ಯಂತ್ರದ ಮೇಲೆ ಎಷ್ಟು ಬೇಕಾದ್ರೂ ಅನುಮಾನ ಪಡು. ಮನುಷ್ಯರಾದ್ರೆ ಬಾಯಿದೆ, ಮೊದಲು ಕೇಳು.”

ಬಾಗಿಲು ಮಾತ್ರ ಮತ್ತೂ ಎರಡು ತಿಂಗಳು ಮುಚ್ಚಿಕೊಂಡೇ ಇತ್ತು.

ಆಫೀಸಿನಲ್ಲಿ ಅವಳು ಎರಡು ಬದಲಾವಣೆಗೆ ಹಟ ಹಿಡಿದಳು. ಗಂಟೆ ಡಬ್ಬಿಯೊಳಗೇ ಇರಬೇಕು, ವೈಫೈ ಇರಲಿ ಬಿಡಲಿ ಬಾರಿಸಬೇಕು. ಇದಕ್ಕೆ ಎಲ್ಲರೂ ಒಪ್ಪಿದರು. ಎರಡನೆಯದು, ಸುದ್ದಿ ಬಾರದ ದಿನ ಫೋನಿನಲ್ಲಿ ‘ಗೊತ್ತಿಲ್ಲ’ ಎಂದೇ ತೋರಿಸಬೇಕು. ಗೊತ್ತಿಲ್ಲ ಎನ್ನುವ ಡಬ್ಬಿಯನ್ನು ಯಾರು ಕೊಳ್ಳುತ್ತಾರೆ ಎಂದು ಮಾಲೀಕರು ನಕ್ಕರು. ಒಂದು ವಾರ ವಾದವಾಯಿತು. ಕೊನೆಗೆ ಬೂದು ಬಣ್ಣದಲ್ಲಿ, ಸಣ್ಣ ಅಕ್ಷರದಲ್ಲಿ, ಅದು ಬಂತು.

ಅದು ಬಂದ ತಿಂಗಳು ದೂರಿನ ಫೋನುಗಳು ಬರುತ್ತಲೇ ಇದ್ದವು. ಒಬ್ಬ ಹೆಂಗಸು ಬಹಳ ಸಿಟ್ಟಾಗಿದ್ದಳು. ತನ್ನ ಅಣ್ಣನ ಡಬ್ಬಿ ಮೂರು ದಿನದಿಂದ ಗೊತ್ತಿಲ್ಲ, ಗೊತ್ತಿಲ್ಲ ಎನ್ನುತ್ತಿದೆ, ಇದೆಂಥ ವಸ್ತು ಮಾರುತ್ತಿದ್ದೀರಿ ಎಂದಳು. ಅಣ್ಣನ ಮನೆ ಎಷ್ಟು ದೂರ ಎಂದು ಡೌಟಮ್ಮ ಕೇಳಿದಳು. ಎರಡು ಬೀದಿ ಆಚೆ.

“ಹೋಗಿ ಅವರನ್ನೇ ಕೇಳಿ ಬನ್ನಿ. ನಮ್ಮನ್ನ ಕೇಳೋದಕ್ಕಿಂತ ಅದು ವಾಸಿ.”

ಆ ಕಡೆಯಿಂದ, ಹೋಗಿ ತುಂಬ ದಿನವಾಯಿತು, ದಿನಾ ಟಿಕ್ ನೋಡುತ್ತಿದ್ದೆನಲ್ಲ ಎಂದು ಗೊಣಗಿದಂತೆ ಕೇಳಿ, ಫೋನ್ ಕಟ್ಟಾಯಿತು. ಮಾರನೆಯ ಬೆಳಿಗ್ಗೆ ಡೌಟಮ್ಮ ಆ ಮನೆಯ ಪಟ್ಟಿ ತೆರೆದು ನೋಡಿದಳು. ಗೊತ್ತಿಲ್ಲ ಎಂದೇ ಇತ್ತು. ತಂಗಿ ಹೋದಳೋ ಇಲ್ಲವೋ ಎಂದು ಸ್ವಲ್ಪ ಹೊತ್ತು ಯೋಚಿಸಿ, ಆ ಹೆಂಗಸಿನ ನಂಬರನ್ನು ಹುಡುಕಿ, ಕೇಳಿಯೇ ಬಿಡೋಣವೆಂದು ಫೋನ್ ಎತ್ತಿಕೊಂಡಳು.