ದೊಡ್ಡಮ್ಮನ ಬೈಗುಳ
ಓಣಿಯವರೆಲ್ಲ ಬೆನ್ನ ಹಿಂದೆ ಬಾಯಿಬಡುಕಿ ಎನ್ನುವ ದೊಡ್ಡಮ್ಮನಿಗೆ ಬೈಯುವುದು ಉಸಿರಾಡಿದಷ್ಟೇ ಸಲೀಸು. ಹಾಲು ಉಕ್ಕಿದರೆ ಒಲೆಗೆ ಬೈಗುಳ, ಬಾಗಿಲು ಕಿರುಗುಟ್ಟಿದರೆ ಬಡಗಿಯ ವಂಶಕ್ಕೆಲ್ಲ ಬೈಗುಳ; ಸಾಕಿದ ಮೇಕೆಗಂತೂ 'ಹಾಳಾದ್ದೇ' ಎನ್ನುವುದೇ ಹೆಸರು. ಅದು ಅಂದು ಹಿಟ್ಟಿನ ಡಬ್ಬಕ್ಕೆ ಬಾಯಿ ಹಾಕಿ, ಎಡಹೊಟ್ಟೆ ಚೆಂಡಿನಂತೆ ಬಿಗಿದು, ಏದುಸಿರು ಬಿಡುತ್ತಿತ್ತು. "ದಾರೀಲಿದ್ದೀನಿ, ಮಲಗೋಕೆ ಮಾತ್ರ ಬಿಡಬೇಡಿ" ಎಂದು ದನದ ಡಾಕ್ಟರು ಫೋನಿನಲ್ಲಿ ಹೇಳಿದ್ದರು. ದೊಡ್ಡಮ್ಮ ಅದರ ಮುಂಗಾಲುಗಳನ್ನು ಮೆಟ್ಟಿಲ ಮೇಲೇರಿಸಿ ಹಿಡಿದು, ಹೊಟ್ಟೆ ನೀವುತ್ತ, "ಹೊಟ್ಟೆಬಾಕ ಮುಂಡೇದೇ, ನನ್ನ ಹೊಟ್ಟೆ ಉರಿಸೋಕೇ ಹುಟ್ಟಿದ್ದೀಯಾ" ಎಂದು ಒಂದೇ ಸಮನೆ ಬೈಯುತ್ತಿದ್ದಳು. ಕಣ್ಣು ಮಾತ್ರ ಓಣಿಯ ತಿರುವಿನಲ್ಲೇ ನೆಟ್ಟಿತ್ತು. ಡಾಕ್ಟರ ಸ್ಕೂಟರಿನ ಸದ್ದೇ ಇಲ್ಲ. ಮೇಕೆಯ ಹಿಂಗಾಲು ಕುಸಿಯತೊಡಗಿತು. ಪಕ್ಕದ ಮನೆಯಾಕೆ ತಡೆಯಲಾರದೆ, "ಸಾಯೋ ಜೀವಕ್ಕೆ ಒಂದು ಒಳ್ಳೆ ಮಾತಾಡಬಾರ್ದಾ ದೊಡ್ಡಮ್ಮಾ?" ಎಂದಳು. "ಆಗ್ಲೇ ಒಂದ್ಸಲ 'ಬಂಗಾರಾ' ಅಂದೆ ಕಣೇ," ದೊಡ್ಡಮ್ಮ ತೋಳಿಗೆ ಮೂಗೊರೆಸಿಕೊಂಡಳು, "ಅಂದಿದ್ದೇ ತಡ, ಗಡಗಡ ನಡುಗಿಬಿಡ್ತು. ಇನ್ನು ತಾನು ಉಳಿಯಲ್ಲ ಅಂದ್ಕೊಳ್ತು." ಮತ್ತೆ ಅದರ ಕಿವಿಗೆ ಬಾಯಿಟ್ಟು, ಇದ್ದಬದ್ದ ದನಿಯನ್ನೆಲ್ಲ ಸೇರಿಸಿ ಕೂಗಿದಳು: "ನಿಲ್ಲೇ, ಹಾಳಾದ್ದೇ!"