ನಾಲ್ಕರ ಮೇಲೆ ಕೂತ ಮುಳ್ಳು

ಹ್ಯಾಚರಿಯಲ್ಲಿ ಅವನನ್ನು ಹೆಸರು ಹಿಡಿದು ಕೂಗುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವನು ಮೀಟರಣ್ಣ. ಕೋಳಿಮೊಟ್ಟೆಗೆ ಯಂತ್ರದಲ್ಲಿ ಕಾವು ಕೊಟ್ಟು ಮರಿ ಮಾಡಿಸುವ ಜಾಗ ಅದು. ಮರಿ ಒಡೆಯುವ ಹೊತ್ತಿಗೆ ಕರೆಂಟು ಹೋಗಿ ಫ್ಯಾನು ನಿಂತರೆ ಮುಕ್ಕಾಲು ಗಂಟೆ ಸಾಕು, ಚಿಪ್ಪಿನೊಳಗೇ ಉಸಿರುಗಟ್ಟುತ್ತವೆ. ಹಾಗಾಗಿ ಹಿತ್ತಿಲ ಶೆಡ್ಡಿನಲ್ಲಿ ಒಂದು ಡೀಸೆಲ್ ಜನರೇಟರು, ಅದರೆದುರು ಒಂದು ಕಬ್ಬಿಣದ ಸ್ಟೂಲು, ಸ್ಟೂಲಿನ ಮೇಲೆ ಹತ್ತೊಂಬತ್ತು ವರ್ಷದಿಂದ ಮೀಟರಣ್ಣ.

ಪ್ಯಾನೆಲ್ಲಿನಲ್ಲಿ ಏಳು ದುಂಡು ಮುಖಗಳು. ವೋಲ್ಟು, ಆಂಪ್ಸು, ಹರ್ಟ್ಸು, ನೀರಿನ ಬಿಸಿ, ಆಯಿಲ್ ಪ್ರೆಶರ್, ಬ್ಯಾಟರಿ, ಕೊನೆಯಲ್ಲಿ ಓಡಿದ ಗಂಟೆಗಳ ಲೆಕ್ಕ. ಕೆಳಗೆ ಹಸಿರು ಗುಂಡಿ, ಕೆಂಪು ಗುಂಡಿ. ಇಂಜಿನ್ ಓಡುವಷ್ಟು ಹೊತ್ತೂ ಗಂಟೆಗೊಮ್ಮೆ ಎದ್ದು, ಕಿವಿಯ ಮೇಲಿನ ಪೆನ್ನು ಇಳಿಸಿ, ಏಳನ್ನೂ ಪುಸ್ತಕಕ್ಕೆ ಬರೆಯುತ್ತಿದ್ದ. ಅಕ್ಷರವೂ ಮುತ್ತಿನಂಥದ್ದು. ಹ್ಯಾಚರಿ ನೋಡಿಕೊಳ್ಳುವ ಡಾಕ್ಟರಮ್ಮ ಹೊಸಬರಿಗೆಲ್ಲ ಆ ಪುಸ್ತಕ ತೋರಿಸಿ, "ಬರೆದ್ರೆ ಹೀಗೆ ಬರೀಬೇಕು" ಎನ್ನುತ್ತಿದ್ದರು. ಅಂಥ ದಿನ ಮೀಟರಣ್ಣನ ನಡಿಗೆಯೇ ಬೇರೆ.

ಒಂದೇ ಒಂದು ಗುಟ್ಟು ಅವನ ಹೊಟ್ಟೆಯೊಳಗಿತ್ತು. ಆಯಿಲ್ ಪ್ರೆಶರ್ ಬಿದ್ದರೆ ಇಂಜಿನ್ನನ್ನು ತಾನಾಗಿ ನಿಲ್ಲಿಸಲೆಂದು ಹೆಬ್ಬೆರಳಿನಷ್ಟು ದೊಡ್ಡ ಸ್ವಿಚ್ಚೊಂದಿತ್ತು. ಹೋದ ವರ್ಷ ಅದು ಸುಮ್ಮಸುಮ್ಮನೆ ಮೂರು ಸಲ ಇಂಜಿನ್ ನಿಲ್ಲಿಸಿತು. ಮೀಟರಣ್ಣನಿಗೆ ರೇಗಿ, ಅದರ ವೈರು ಕಿತ್ತು, ತುದಿಗೆ ಕಪ್ಪು ಟೇಪು ಸುತ್ತಿಬಿಟ್ಟ. ಮುಳ್ಳು ನೋಡೋಕೆ ನಾನಿದ್ದೀನಲ್ಲ, ಈ ಕಾವಲುಗಾರ ಯಾಕೆ ಎಂದು ಅವನ ಧೈರ್ಯ.

ಆ ಬುಧವಾರ ಲೈನ್ ಆಫೀಸಿನಿಂದ ಚೀಟಿ ಬಂತು: ತಂತಿ ರಿಪೇರಿ, ನಾಳೆ ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಕರೆಂಟಿಲ್ಲ. ಒಳಗೆ ನಲವತ್ತು ಸಾವಿರ ಮೊಟ್ಟೆ, ನಾಳೆಗೆ ಇಪ್ಪತ್ತನೇ ದಿನ, ಮರಿ ಒಡೆಯತೊಡಗುವ ದಿನ. "ಎಂಟು ಗಂಟೆ ತಾನೆ? ಮೂರು ತಿಂಗಳಿಂದ ಒಂದು ತೊಟ್ಟು ಆಯಿಲ್ ಕುಡಿದಿಲ್ಲ ನಮ್ಮ ಇಂಜಿನ್ನು, ಕಲ್ಲುಗುಂಡು" ಎಂದು ಡಾಕ್ಟರಮ್ಮನಿಗೆ ಭರವಸೆ ಕೊಟ್ಟು ಬಂದ.

ಮಧ್ಯಾಹ್ನ ಅವನ ಹೆಂಡತಿ ಮನೆಯ ಬೀಗದ ಕೈ ಇಸಿದುಕೊಳ್ಳಲು ಬಂದಳು. ಅವಳು ಟೈಲರು, ಕೊರಳಲ್ಲಿ ಅಳತೆ ಟೇಪು ಹಾಗೇ ಜೋತಾಡುತ್ತಿತ್ತು. ಸ್ಟೂಲಿನ ಮೇಲೆ ಕೂತು ಬೆವರೊರೆಸಿಕೊಳ್ಳುತ್ತ ಪ್ಯಾನೆಲ್ ನೋಡಿದಳು.

"ರೀ, ಇಂಜಿನ್ ನಿಂತಿದೆ ತಾನೆ?"

"ನಿಂತಿರೋದಕ್ಕೇ ನಿನ್ನ ಮಾತು ನಂಗೆ ಕೇಳಿಸ್ತಿರೋದು."

"ಮತ್ತೆ ಮಿಕ್ಕವೆಲ್ಲ ಮಲಗಿವೆ, ಈ ಮಹಾರಾಯ ಒಬ್ಬ ಯಾಕೆ ನಾಲ್ಕರ ಮೇಲೆ ಎದ್ದು ಕೂತಿದಾನೆ?"

ಮೀಟರಣ್ಣ ನಕ್ಕ. ನಗು ಅರ್ಧಕ್ಕೇ ನಿಂತಿತು. ಅವಳು ಬೆರಳು ತೋರಿಸಿದ್ದು ಆಯಿಲ್ ಪ್ರೆಶರ್ ಮೀಟರಿಗೆ. ಇಂಜಿನ್ ನಿಂತ ಮೇಲೆ ಅದು ಸೊನ್ನೆಗೆ ಬೀಳಬೇಕು. ಉಗುರಿನಿಂದ ಗಾಜು ತಟ್ಟಿದ. ಮುಷ್ಟಿಯಿಂದ ಗುದ್ದಿದ. ಮುಳ್ಳು ಕದಲಲಿಲ್ಲ.

ಪುಸ್ತಕ ತೆಗೆದು ಹಿಂದಕ್ಕೆ ಮಗುಚಿದ. ನಾಲ್ಕು, ನಾಲ್ಕು, ನಾಲ್ಕು. ಪುಟಗಟ್ಟಲೆ ಮುತ್ತಿನಂಥ ನಾಲ್ಕುಗಳು. ಮೂರು ತಿಂಗಳ ಹಿಂದಕ್ಕೆ ಹೋದಾಗ ನಾಲ್ಕೂಕಾಲು, ಮೂರೂಮುಕ್ಕಾಲು ಸಿಕ್ಕವು. ಮುಳ್ಳು ಸತ್ತದ್ದು ಅಲ್ಲಿ. ಓಡುವ ಇಂಜಿನ್ನಿನ ಮೀಟರನ್ನು ಸಾವಿರಾರು ಸಲ ನೋಡಿದ್ದ. ನಿಂತ ಇಂಜಿನ್ನಿನದನ್ನು? ನಿಂತ ಗಾಡಿಯ ಸ್ಪೀಡು ಯಾರು ನೋಡುತ್ತಾರೆ!

ಶೆಡ್ಡಿನ ಹಿಂದೆ ತುಕ್ಕು ಹಿಡಿದು ಬಿದ್ದಿದ್ದ ಹಳೇ ಇಂಜಿನ್ನಿನಿಂದ ಒಂದು ಮೀಟರು ಬಿಚ್ಚಿ ತಂದು ಜೋಡಿಸಿದ. ಹಸಿರು ಗುಂಡಿ ಒತ್ತಿದ. ಹೊಸ ಮುಳ್ಳು ಮೂರಕ್ಕೆ ಏರಿತು. ಇಂಜಿನ್ ಬಿಸಿಯಾದಂತೆ ಎರಡಕ್ಕಿಳಿಯಿತು. ಹತ್ತನೇ ನಿಮಿಷಕ್ಕೆ ಒಂದೂವರೆ. ಮೀಟರಣ್ಣ ಕೆಂಪು ಗುಂಡಿಯ ಮೇಲೆ ಬಿದ್ದವನಂತೆ ಅದನ್ನು ಒತ್ತಿದ.

ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದರೆ ಆಯಿಲ್ ತುಂಬಿ ತುಳುಕುವಷ್ಟಿದೆ. ಹೆಂಡತಿ ಅದನ್ನು ಎರಡು ಬೆರಳಲ್ಲಿ ಉಜ್ಜಿದಳು, ಮೂಸಿದಳು. "ನನ್ನ ಹೊಲಿಗೆ ಮಿಷನ್ ಎಣ್ಣೇನೇ ಇದಕ್ಕಿಂತ ಗಟ್ಟಿ. ಡೀಸೆಲ್ ವಾಸನೆ ಬೇರೆ."

ಅಲ್ಲಿಗೆ ಎಲ್ಲವೂ ತಿಳಿಯಿತು. ಡೀಸೆಲ್ ಪಂಪಿನೊಳಗಿನ ರಬ್ಬರು ಹರಿದು, ಡೀಸೆಲ್ಲು ತೊಟ್ಟುತೊಟ್ಟಾಗಿ ಆಯಿಲ್ಲಿಗೆ ಸೇರುತ್ತಿತ್ತು. ಇಂಜಿನ್ ಆಯಿಲ್ ಕುಡಿಯುತ್ತಿಲ್ಲ ಎಂದು ಅವನು ಬೀಗುತ್ತಿದ್ದ; ಕುಡಿದಷ್ಟು ಜಾಗವನ್ನೂ ಡೀಸೆಲ್ಲು ತುಂಬುತ್ತಿತ್ತು. ತೆಳುವಾದ ಆಯಿಲ್ಲಿನಲ್ಲಿ ಎಂಟು ಗಂಟೆ ಓಡಿಸಿದ್ದರೆ ಇಂಜಿನ್ ಕಚ್ಚಿಕೊಂಡು ನಿಲ್ಲುತ್ತಿತ್ತು. ಎಚ್ಚರಿಸಬೇಕಾದ ಸ್ವಿಚ್ಚಿನ ಬಾಯಿಗೆ ಅವನೇ ಟೇಪು ಸುತ್ತಿದ್ದ.

"ರಬ್ಬರು ಇಲ್ಲೇ ಇದೆ, ಆಯಿಲ್ಲೂ ಇದೆ. ಸಂಜೆಯೊಳಗೆ ಸರಿ ಮಾಡ್ತೀನಿ. ಯಾರಿಗೂ ಗೊತ್ತಾಗಲ್ಲ" ಎಂದ.

"ಒಳಗೆ ಆಗಲೇ ಸವೆದಿದ್ರೆ? ನಾಳೆ ನಿಂತೇ ಹೋದ್ರೆ?"

"ಆಗ ಬಾಡಿಗೆ ಜನರೇಟರ್ ಬೇಕು. ಅದನ್ನ ತರಿಸೋಕೆ ಡಾಕ್ಟರಮ್ಮನೇ ಆಗ್ಬೇಕು. ಅವರಿಗೆ ಹೇಳಿದ್ರೆ ಹತ್ತೊಂಬತ್ತು ವರ್ಷದ ಹೆಸರು ನೀರಲ್ಲಿ ಹೋಯ್ತು ಕಣೇ."

"ನಿಮ್ಮ ಹೆಸರಿಗೆ ಕಾವು ಕೊಟ್ರೆ ಮರಿ ಹೊರಗೆ ಬರಲ್ಲ. ಎದ್ದೇಳಿ."

ಡಾಕ್ಟರಮ್ಮ ಮೊಟ್ಟೆಯ ಟ್ರೇಗಳ ನಡುವೆ ನಿಂತೇ ಕೇಳಿಸಿಕೊಂಡರು.

"ಮೂರು ತಿಂಗಳು ಬರೆದಿದ್ದೆಲ್ಲ ಸುಳ್ಳಾ, ಮೀಟರಣ್ಣ?"

"ಮುಳ್ಳು ತೋರಿಸಿದ್ದನ್ನೇ ಬರೆದೆ, ಡಾಕ್ಟರಮ್ಮ. ಅದು ಸತ್ತಿದ್ದು ನಂಗೆ ಗೊತ್ತಾಗಲಿಲ್ಲ."

"ಸ್ವಿಚ್ಚಿನ ವೈರು?"

"ಅದು ಗೊತ್ತಿದ್ದೇ ಕಿತ್ತಿದ್ದು."

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಫೋನು ಹಚ್ಚಿ ಮಾತಾಡಿ, "ಬಾಡಿಗೆಯದು ನಾಳೆ ಮಧ್ಯಾಹ್ನ ಎರಡಕ್ಕೆ ಮುಂಚೆ ಬರಲ್ವಂತೆ. ಅಲ್ಲೀವರೆಗೆ ನಿಮ್ಮದೇ ಗತಿ. ಮಿಕ್ಕ ಮಾತು ಆಮೇಲೆ" ಎಂದರು.

ಸಂಜೆಯವರೆಗೆ ಮೀಟರಣ್ಣ ತಲೆ ಎತ್ತಲಿಲ್ಲ. ಹಳೇ ಆಯಿಲ್ಲು ಚಹಾದಂತೆ ಸುರಿದುಹೋಯಿತು. ಹೊಸ ರಬ್ಬರು, ಹೊಸ ಫಿಲ್ಟರು, ಹೊಸ ಆಯಿಲ್ಲು. ಕೊನೆಗೆ ಸ್ವಿಚ್ಚಿನ ಟೇಪು ಬಿಚ್ಚಿದ. ಹೋದ ವರ್ಷ ಅಷ್ಟು ಗೋಳು ಹೊಯ್ದುಕೊಂಡದ್ದು ಒಂದು ಸಡಿಲ ಸ್ಕ್ರೂ. ಅರ್ಧ ಸುತ್ತು ಬಿಗಿ ಮಾಡಿದ, ಮುಗಿಯಿತು. ಅದಕ್ಕೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಮರುದಿನ ಒಂಬತ್ತಕ್ಕೆ ಸರಿಯಾಗಿ ಕರೆಂಟು ಹೋಯಿತು. ಇಂಜಿನ್ ಎದ್ದಿತು. ಮೀಟರಣ್ಣ ಸ್ಟೂಲಿನ ಮೇಲೆ ಕೂರಲಿಲ್ಲ. ಗಂಟೆಗೊಮ್ಮೆ ನೋಡುವವನು ಹತ್ತು ನಿಮಿಷಕ್ಕೊಮ್ಮೆ ನೋಡಿದ. ಮೂರೂಮುಕ್ಕಾಲು. ಬಿಸಿಯೇರಿದ ಮೇಲೆ ಮೂರೂವರೆ. ಹನ್ನೆರಡಕ್ಕೆ ಮೂರೂಕಾಲಿಗೆ ಇಳಿದಾಗ ಮೀಟರಿನೆದುರಿನಿಂದ ಕದಲದೆ ನಿಂತ. ಅಲ್ಲಿಂದ ಕೆಳಗೆ ಇಳಿಯಲಿಲ್ಲ. ಎರಡೂವರೆಗೆ ಬಾಡಿಗೆ ಜನರೇಟರು ಲಾರಿಯಲ್ಲಿ ಬಂದು ಅಂಗಳದಲ್ಲಿ ಸುಮ್ಮನೆ ನಿಂತಿತು. ಬೇಕಾಗಲಿಲ್ಲ.

ಐದು ಗಂಟೆ ಐದು ನಿಮಿಷಕ್ಕೆ ಕರೆಂಟು ಬಂತು. ಕೆಂಪು ಗುಂಡಿ ಒತ್ತಿದ. ಸದ್ದು ಅಡಗಿದಾಗ ಗೋಡೆಯಾಚೆಯಿಂದ ಚಿಂವ್‌ಚಿಂವ್ ಕೇಳಿಸಿತು. ಆಗಲೇ ಕೆಲವು ಹೊರಬಂದಿದ್ದವು. ಅವನ ಕಣ್ಣು ಮಾತ್ರ ಮುಳ್ಳಿನ ಮೇಲಿತ್ತು. ಎರಡು, ಒಂದು, ಸೊನ್ನೆ.

ಆಗ ಡಾಕ್ಟರಮ್ಮ ಒಳಬಂದರು. ಸ್ವಿಚ್ಚಿನ ಡಬ್ಬಿಯ ಮೇಲೆ ಒಂದು ಕಾಗದದ ಪಟ್ಟಿ ಅಂಟಿಸಿ, ಅದರ ಮೇಲೆ ಸಹಿ ಹಾಕಿದರು. "ಇನ್ನು ಇದನ್ನ ನನ್ನ ಕೇಳದೆ ಯಾರೂ ಬಿಚ್ಚೋ ಹಾಗಿಲ್ಲ. ನೀವೂ ಅಷ್ಟೇ."

ಹತ್ತೊಂಬತ್ತು ವರ್ಷದಲ್ಲಿ ಅವನ ಪ್ಯಾನೆಲ್ಲಿನ ಮೇಲೆ ಇನ್ನೊಬ್ಬರ ಸಹಿ ಬಿದ್ದದ್ದು ಅದೇ ಮೊದಲು. ಚುರುಕ್ಕೆಂದಿತು. "ಆಯ್ತು ಡಾಕ್ಟರಮ್ಮ" ಎಂದ. ಆಮೇಲೆ ಪುಸ್ತಕ ಬಿಡಿಸಿ, ಏಳು ಕಾಲಮ್ಮುಗಳ ಪಕ್ಕ ಸ್ಕೇಲಿಟ್ಟು ಇನ್ನೊಂದು ಗೆರೆ ಎಳೆದು, ಮೇಲೆ 'ನಿಂತ ಮೇಲೆ' ಎಂದು ಬರೆದ. ಅದರಡಿ, ಮುತ್ತಿನಂಥ ಅಕ್ಷರದಲ್ಲೇ, ಒಂದು ಸೊನ್ನೆ.